ಗೋಡೆ ಯಾರದು?

(ಹೆಬ್ಬಗೋಡಿಯ ನಾಗರಿಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ಗೋಡೆಗೆ ಅಂಟಿಸಿದ ಕಾಗದದ ವಿಷಯ ಮಾತನಾಡಲು ಒಂದು ಸಭೆ ಬೇಕೇ ಎಂದು ಕೆಲವರು ನಮ್ಮನ್ನು ಕೇಳಿದರು. ನೀರಿನ ತಾಪತ್ರಯವಿದೆ, ಚರಂಡಿಯ ತಾಪತ್ರಯವಿದೆ, ಗುತ್ತಿಗೆ ಕೆಲಸಗಾರನಿಗೆ ಬರುವ ತಿಂಗಳ ಭರವಸೆಯಿಲ್ಲ. ಇವರು ಪೋಸ್ಟರಿನ ಮಾತು ಹಿಡಿದುಕೊಂಡು ಬಂದಿದ್ದಾರಲ್ಲ ಎಂಬುದು ಅವರ ಆಕ್ಷೇಪಣೆ. ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಊರಿನ ಗೋಡೆಯೆಂಬುದು ಊರಿನ ಸಾರ್ವಜನಿಕ ಆಸ್ತಿ. ಅದನ್ನು ಯಾರು ಬಳಸುತ್ತಾರೆ, ಯಾರ ಅಪ್ಪಣೆಯಿಂದ ಬಳಸುತ್ತಾರೆ, ಲಾಭ ಯಾರಿಗೆ, ಕೆರೆದು ತೆಗೆಯುವ ಕಷ್ಟ ಯಾರಿಗೆ ಎಂದು ಕೇಳಲು ಹೊರಟರೆ ನಗರಸಭೆಯ ಆಡಳಿತವೆಲ್ಲ ಆ ಒಂದು ಗೋಡೆಯ ಮೇಲೆಯೇ ಕಾಣಿಸುತ್ತದೆ. ಹಾಗಾಗಿ ಈ ಸಂಜೆ ನಾವು ಆ ಮಾತನ್ನೇ ಆಡುತ್ತೇವೆ.

ಎಲೆಕ್ಟ್ರಾನಿಕ್ ಸಿಟಿಯಿಂದ ಬೊಮ್ಮಸಂದ್ರದ ಕಡೆಗೆ ಹೊಸೂರು ರಸ್ತೆಯಲ್ಲಿ ಕಾಲ್ನಡಿಗೆಯಲ್ಲಿ ಹೊರಟವರಿಗೆ ಓದಲು ಪುಸ್ತಕ ಬೇಕಿಲ್ಲ. ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರಿನ ಪೆಟ್ಟಿಗೆ, ಬಸ್ ತಂಗುದಾಣ, ಮೇಲ್ಸೇತುವೆಯ ಕಂಬ, ಕಾರ್ಖಾನೆಯ ಕಾಂಪೌಂಡು, ಕೊನೆಗೆ ರಸ್ತೆ ಬದಿಯ ಮರ, ಎಲ್ಲದರ ಮೇಲೂ ಅಕ್ಷರ. ಬಾಡಿಗೆಗೆ ರೂಮು, ಪಿ.ಜಿ., ಬೋರ್‌ವೆಲ್, ಮೂಲವ್ಯಾಧಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ಗುಣ, ಒಂದೇ ದಿನದಲ್ಲಿ ಸಾಲ, ಮನೆಯಲ್ಲೇ ಕುಳಿತು ಡೇಟಾ ಎಂಟ್ರಿ. ಕನ್ನಡ, ಇಂಗ್ಲಿಷ್, ಹಿಂದಿ, ತೆಲುಗು, ತಮಿಳು, ಈಗೀಗ ಒಡಿಯಾ, ಬಂಗಾಳಿಯೂ ಸೇರಿವೆ. ಇವೆಲ್ಲದರ ಮೇಲೆ, ಮನುಷ್ಯನ ಎತ್ತರದ ಎರಡರಷ್ಟು, ನಾಯಕರ ಹುಟ್ಟುಹಬ್ಬದ ಫ್ಲೆಕ್ಸು. ಮಧ್ಯದಲ್ಲಿ ಒಂದು ದೊಡ್ಡ ಮುಖ, ಸುತ್ತ ಶುಭ ಕೋರುವ ಇಪ್ಪತ್ತು ಸಣ್ಣ ಮುಖಗಳು. ಯಾವ ಮುಖವೂ ಊರಿಗೆ ಒಂದು ಕಾಸು ಕೊಟ್ಟಿರುವುದಿಲ್ಲ.

ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗುವುದು ತಪ್ಪು. ಇಲ್ಲಿ ಮೂರು ಬಗೆಯ ಜನರಿದ್ದಾರೆ. ಮೊದಲನೆಯವರು ಸಣ್ಣವರು: ಒಂದು ಕೋಣೆ ಬಾಡಿಗೆಗೆ ಕೊಡುವ ಮುದುಕಿ, ಟ್ಯೂಷನ್ ಹೇಳುವ ಹುಡುಗಿ, ಹೊಲಿಗೆ ಕಲಿಸುವವರು. ಇವರಿಗೆ ಪತ್ರಿಕೆಯಲ್ಲಿ ಜಾಹೀರಾತು ಕೊಡುವ ಶಕ್ತಿಯಿಲ್ಲ. ಎರಡನೆಯವರು ವ್ಯಾಪಾರಿಗಳು. ಶಕ್ತಿಯಿದೆ, ಆದರೆ ಪುಕ್ಕಟೆ ಗೋಡೆ ಸಿಗುವಾಗ ಹಣ ಯಾತಕ್ಕೆ ಕೊಡಬೇಕು ಎಂಬ ಲೆಕ್ಕಾಚಾರ. ಮೋಸಗಾರರು ಈ ಗುಂಪಿನ ಮಧ್ಯದಲ್ಲಿಯೇ ಅಡಗಿರುತ್ತಾರೆ. ಮನೆಯಲ್ಲಿ ಕುಳಿತು ಸಂಪಾದಿಸಿ ಎಂದು ಬರೆದು, ನಂಬಿ ಹೋದವನಿಂದ ನೋಂದಣಿ ಶುಲ್ಕವೆಂದು ಒಂದಷ್ಟು ಕಿತ್ತುಕೊಂಡು, ನಂಬರನ್ನು ಬದಲಾಯಿಸುವವರು. ಬಿಹಾರದಿಂದಲೋ ಅಸ್ಸಾಮಿನಿಂದಲೋ ನಿನ್ನೆ ಬಂದಿಳಿದ ಹುಡುಗನಿಗೆ ಈ ಊರಿನಲ್ಲಿ ಪರಿಚಯವಿರುವುದು ಆ ಕಂಬವೊಂದೇ. ಕಂಬ ನಗರಸಭೆಯದು ಅಥವಾ ವಿದ್ಯುತ್ ಕಂಪನಿಯದು; ಸರ್ಕಾರದ ಕಂಬದ ಮೇಲಿದೆಯಲ್ಲ ಎಂದು ಅವನು ನಂಬುತ್ತಾನೆ. ಮೂರನೆಯವರು ಅಧಿಕಾರದಲ್ಲಿರುವವರು ಮತ್ತು ಅಧಿಕಾರಕ್ಕೆ ಹಾತೊರೆಯುವವರು. ಇವರ ಫ್ಲೆಕ್ಸಿಗೆ ಕೈ ಹಾಕಲು ಕೆಳಗಿನ ನೌಕರನಿಗೆ ಧೈರ್ಯ ಸಾಲದು.

ಇನ್ನು ಕಾನೂನಿನ ಮಾತು. ಕಾನೂನು ಇಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. 1981ರಲ್ಲಿಯೇ ನಮ್ಮ ರಾಜ್ಯ ಬಯಲು ಸ್ಥಳಗಳನ್ನು ವಿರೂಪಗೊಳಿಸುವುದನ್ನು ತಡೆಯುವ ಒಂದು ಅಧಿನಿಯಮವನ್ನು ಮಾಡಿದೆ. ಸಾರ್ವಜನಿಕರ ಕಣ್ಣಿಗೆ ಬೀಳುವ ಯಾವುದೇ ಜಾಗದಲ್ಲಿ, ಅಂದರೆ ಗೋಡೆ, ಬೇಲಿ, ಕಂಬ, ಮರ, ಸ್ಮಾರಕ ಏನೇ ಇರಲಿ, ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿಯಿಲ್ಲದೆ ಜಾಹೀರಾತು ಅಂಟಿಸಕೂಡದು. ಅಂಟಿಸಿದರೆ ಆರು ತಿಂಗಳವರೆಗೆ ಸಜೆ, ಅಥವಾ ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ತಾನೇ ಅಂಟಿಸಿದವನು ಮಾತ್ರವಲ್ಲ, ಬೇರೊಬ್ಬನ ಕೈಯಿಂದ ಅಂಟಿಸಿದವನೂ ಅಪರಾಧಿ ಎಂದು ಅದರಲ್ಲಿದೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಕಾನೂನು ಮೊದಲು ಬೆಂಗಳೂರು, ಮೈಸೂರು, ಹುಬ್ಬಳ್ಳಿ–ಧಾರವಾಡದಂಥ ದೊಡ್ಡ ನಗರಗಳಿಗೆ ಬಂತು. ಉಳಿದ ಊರುಗಳಿಗೆ ಸರ್ಕಾರದ ಅಧಿಸೂಚನೆಯ ಮೂಲಕ ವಿಸ್ತರಿಸತಕ್ಕದ್ದು. ಗ್ರಾಮ ಪಂಚಾಯತಿಯಾಗಿದ್ದ ಹೆಬ್ಬಗೋಡಿ ಈಗ ನಗರಸಭೆಯಾಗಿದೆ. ನಮ್ಮ ಊರಿಗೆ ಯಾವ ಕಾನೂನು, ಯಾವ ಉಪವಿಧಿ ಅನ್ವಯಿಸುತ್ತದೆ ಎಂಬುದನ್ನು ಬರೆದು ಕಛೇರಿಯ ಬಾಗಿಲಿನಲ್ಲಿ ಅಂಟಿಸುವುದು ನಗರಸಭೆಯ ಮೊದಲ ಕೆಲಸ. ಅದೊಂದು ಪೋಸ್ಟರಿಗೆ ನಮ್ಮ ಅಡ್ಡಿಯಿಲ್ಲ!

ಫ್ಲೆಕ್ಸಿನ ಮೇಲೆ ಬೇರೆಯೇ ಕಾನೂನಿದೆ. 2016ರ ಮಾರ್ಚ್ 11ರ ಅಧಿಸೂಚನೆಯಿಂದ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲದ ಜತೆಯಲ್ಲಿಯೇ ಪ್ಲಾಸ್ಟಿಕ್ ಬ್ಯಾನರು, ಬಂಟಿಂಗು, ಫ್ಲೆಕ್ಸು, ಬಾವುಟಗಳನ್ನೂ ನಿಷೇಧಿಸಿತು. 2022ರ ಜುಲೈ 1ರಿಂದ ಕೇಂದ್ರ ಸರ್ಕಾರವೂ 100 ಮೈಕ್ರಾನಿಗಿಂತ ತೆಳುವಾದ ಪಿ.ವಿ.ಸಿ. ಬ್ಯಾನರುಗಳನ್ನು ನಿಷೇಧಿಸಿತು. ನಿಷೇಧವಾದ ವಸ್ತುವಿನ ಮೇಲೆ ಕಾನೂನು ಮಾಡುವವರದೇ ಭಾವಚಿತ್ರ! ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಅಲ್ಲವೇ?

ಇಷ್ಟೆಲ್ಲ ಇದ್ದೂ ಯಾಕೆ ನಡೆಯುವುದಿಲ್ಲ? ಬೆಂಗಳೂರಿನ ಕಥೆಯನ್ನೇ ನೋಡಿ. 2018ರ ಆಗಸ್ಟ್ 1ರಂದು ಹೈಕೋರ್ಟು ಗದರಿಸಿತು. ಅದೇ ದಿನ ಅಂದಿನ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯ ಜನ ಊರೆಲ್ಲ ಸುತ್ತಿ ಸಾವಿರಾರು ಫ್ಲೆಕ್ಸುಗಳನ್ನು ಕಿತ್ತರು. ವರ್ಷಾನುಗಟ್ಟಲೆ ಆಗದಿದ್ದ ಕೆಲಸ ಮಧ್ಯಾಹ್ನದೊಳಗೆ ಆಯಿತು. ಆ ತಿಂಗಳಲ್ಲಿಯೇ ಪಾಲಿಕೆ ಹೊರಾಂಗಣ ಜಾಹೀರಾತಿಗೆ ಒಂದು ವರ್ಷದ ನಿಷೇಧದ ನಿರ್ಣಯವನ್ನೂ ಮಾಡಿತು. ಐದು ವರ್ಷ ಕಳೆದು 2023ರ ಆಗಸ್ಟಿನಲ್ಲಿ ಮತ್ತೆ ಅದೇ ಹೈಕೋರ್ಟು, ಮತ್ತೆ ಅದೇ ಗದರಿಕೆ. ಒಂದೊಂದು ಫ್ಲೆಕ್ಸಿಗೆ 50,000 ರೂಪಾಯಿ ದಂಡವೆಂದು ಉಪಮುಖ್ಯಮಂತ್ರಿಗಳು ಸಾರಿದರು. ಆಮೇಲೆಯೂ ಫ್ಲೆಕ್ಸು ನಿಲ್ಲಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯೇ ಹೋಗಿ ಐದು ಪಾಲಿಕೆಗಳಾದವು. ಪಾಲಿಕೆ ಬದಲಾದರೂ ಗೋಡೆ ಬದಲಾಗಲಿಲ್ಲವೆಂಬುದನ್ನು ಗಡಿ ದಾಟಿ ಹೋದವರೆಲ್ಲ ಕಾಣಬಹುದು.

ಇದರಲ್ಲಿ ನಾವು ಕಲಿಯಬೇಕಾದ್ದು ಎರಡು. ಒಂದು, ಶಕ್ತಿಯಿಲ್ಲವೆಂಬುದು ಸುಳ್ಳು. ಚುನಾವಣೆ ಘೋಷಣೆಯಾದ ದಿನ ಇದೇ ನೌಕರರು ಏನು ಮಾಡುತ್ತಾರೆ ಗಮನಿಸಿ. ಚುನಾವಣಾ ಆಯೋಗದ ಗಡುವು ಇದೆ: ಸರ್ಕಾರಿ ಕಟ್ಟಡಗಳ ಮೇಲಿನದು 24 ಗಂಟೆಯೊಳಗೆ, ಬಸ್ ನಿಲ್ದಾಣ, ಕಂಬ, ಸೇತುವೆಯಂಥ ಸಾರ್ವಜನಿಕ ಸ್ಥಳಗಳದ್ದು 48 ಗಂಟೆಯೊಳಗೆ, ಖಾಸಗಿ ಗೋಡೆಗಳ ಮೇಲಿನದು 72 ಗಂಟೆಯೊಳಗೆ ಹೋಗತಕ್ಕದ್ದು. ಹೋಗುತ್ತದೆ! ಮೂರು ದಿನದಲ್ಲಿ ಊರು ತೊಳೆದಿಟ್ಟಂತಾಗುತ್ತದೆ. ಐದು ವರ್ಷಕ್ಕೊಮ್ಮೆ ಮೂರು ದಿನ ಸಾಧ್ಯವಾದದ್ದು ಉಳಿದ ದಿನಗಳಲ್ಲಿ ಯಾತಕ್ಕೆ ಸಾಧ್ಯವಿಲ್ಲ? ಆ ಮೂರು ದಿನ ಮಾತ್ರ ನೌಕರನಿಗೆ ಸ್ಥಳೀಯ ಮುಖಂಡನ ಭಯವಿರುವುದಿಲ್ಲ, ಕಾರಣ ಅಷ್ಟೇ.

ಎರಡು, ದಂಡದ ಮೊತ್ತ ಮುಖ್ಯವಲ್ಲ, ದಂಡ ಯಾರ ಮೇಲೆ ಬೀಳುತ್ತದೆಂಬುದು ಮುಖ್ಯ. ರಾತ್ರಿ ಹನ್ನೆರಡು ಗಂಟೆಗೆ ಸೈಕಲ್ಲಿನ ಹ್ಯಾಂಡಲಿಗೆ ಮೈದಾ ಅಂಟಿನ ಬಕೆಟ್ ನೇತುಹಾಕಿಕೊಂಡು ಬರುವ ಹುಡುಗನನ್ನು ಬೀಟ್ ಪೊಲೀಸಿನವರು ಹಿಡಿಯುತ್ತಾರೆ. ಅವನಿಗೆ ಕಾಗದದ ಲೆಕ್ಕದಲ್ಲಿ ಕೂಲಿ. ಅದರಲ್ಲಿ ಏನು ಬರೆದಿದೆಯೆಂದು ಅವನು ಓದಿರುವುದಿಲ್ಲ, ಓದಲು ಬಾರದೆಯೂ ಇರಬಹುದು. ಅಂಟಿಗೆ ಮೈಲುತುತ್ತ ಬೆರೆಸಿ ಕಲಸಿ ಅವನ ಬೆರಳು ಸುಲಿದಿರುತ್ತದೆ. ಮೈಲುತುತ್ತ ಯಾತಕ್ಕೆಂದರೆ ಹುಳು ಹಿಡಿಯಬಾರದು, ದನ ಕಾಗದವನ್ನು ನೆಕ್ಕಿ ತಿನ್ನಬಾರದು. ಮೈದಾದ ಆಸೆಗೆ ಪೋಸ್ಟರು ತಿನ್ನುವ ಬೀದಿದನಗಳನ್ನು ನೀವೆಲ್ಲ ನೋಡಿದ್ದೀರಿ. ಆ ಹುಡುಗನಿಗೆ ದಂಡ ಹಾಕಿ, ಬಕೆಟ್ ಕಿತ್ತುಕೊಂಡು, ಕಾನೂನು ನಡೆಯಿತೆನ್ನುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಬೆಳಿಗ್ಗೆ ಅದನ್ನು ಕೆರೆಯುವವರು ಯಾರು? ಪೌರಕಾರ್ಮಿಕರು. ಕಸ ಗುಡಿಸುವ ಹೊತ್ತಿನಲ್ಲಿ ಹಾರೆಯೋ ತಗಡಿನ ತುಂಡೋ ಹಿಡಿದು ಒಣಗಿದ ಅಂಟನ್ನು ಕೆರೆಯಬೇಕು. ಅಂಟಿಸಿದವನೂ ಬಡವ, ಕೆರೆಯುವವಳೂ ಬಡವೆ. ನಡುವೆ ಲಾಭ ಮಾಡಿಕೊಂಡವನ ಮುಖ ಕಾಣಿಸುವುದೇ ಇಲ್ಲ.

ಕಾಣಿಸುವುದಿಲ್ಲವೆಂದೆವು, ಅದೂ ಪೂರ್ತಿ ನಿಜವಲ್ಲ. ಕಳ್ಳನು ತನ್ನ ವಿಳಾಸ ಬರೆದಿಟ್ಟು ಹೋಗುವ ಕಳವು ಜಗತ್ತಿನಲ್ಲಿ ಇದೊಂದೇ ಇರಬೇಕು. ಫೋನ್ ನಂಬರಿಲ್ಲದ ಪೋಸ್ಟರಿನಿಂದ ಯಾರಿಗೂ ಪ್ರಯೋಜನವಿಲ್ಲ. ಹಾಗಿದ್ದಮೇಲೆ ಪತ್ತೇದಾರಿ ಕೆಲಸವೇನೂ ಬೇಕಿಲ್ಲ. ನಗರಸಭೆಯ ಒಬ್ಬ ಗುಮಾಸ್ತರು ಗಿರಾಕಿಯಂತೆ ಆ ನಂಬರಿಗೆ ಮಾತನಾಡಿ ಅಂಗಡಿ ಎಲ್ಲಿ, ಯಜಮಾನರು ಯಾರು ಎಂದು ತಿಳಿದು, ಫೋಟೋ ಲಗತ್ತಿಸಿ, ನೋಟೀಸು ಕಳಿಸಿದರೆ ಸಾಕು. ದಕ್ಷಿಣ ಕೊರಿಯಾದ ನಗರಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಕ್ರಮ ಪೋಸ್ಟರಿನ ನಂಬರನ್ನು ಯಂತ್ರಕ್ಕೆ ಕೊಟ್ಟುಬಿಡುತ್ತಾರೆ. ಯಂತ್ರ ಮತ್ತೆ ಮತ್ತೆ ಕರೆ ಮಾಡಿ, ನಿಮ್ಮ ಜಾಹೀರಾತು ಕಾನೂನಿಗೆ ವಿರುದ್ಧ ಎಂದು ಹೇಳುತ್ತಲೇ ಇರುತ್ತದೆ. ಸಾಲದ ಮೋಸಗಾರನಿಗೆ ಗಿರಾಕಿಯ ಕರೆ ಬರಲು ಬಿಡುವೇ ಇರುವುದಿಲ್ಲ. ಕೇಳಲು ತಮಾಷೆಯಾಗಿದೆ, ಆದರೆ ಅವನಿಗೆ ನೋವಾಗುವ ಜಾಗವನ್ನೇ ಹುಡುಕಿದ್ದಾರೆ. ಅಲ್ಲಿಯ ನಗರಾಡಳಿತಗಳು ಅಕ್ರಮ ಕಾಗದಗಳನ್ನು ಕಿತ್ತು ತಂದ ವಯಸ್ಸಾದವರಿಗೆ ಎಣಿಸಿ ಹಣ ಕೊಡುವ ಪದ್ಧತಿಯನ್ನೂ ಇಟ್ಟುಕೊಂಡಿವೆ. ನಮ್ಮಲ್ಲಿ ಹಾಗೆ ಮಾಡಿದರೆ ಪೌರಕಾರ್ಮಿಕರಿಗೇ ಆ ಹಣ ಸೇರತಕ್ಕದ್ದು, ಸಂಬಳದ ಬದಲಾಗಿ ಅಲ್ಲ, ಸಂಬಳದ ಮೇಲೆ.

ದೆಹಲಿಯವರು 2007ರಲ್ಲಿ ಮಾಡಿದ ಕಾನೂನಿನಲ್ಲಿ ದಂಡ 50,000 ರೂಪಾಯಿಯವರೆಗೆ, ಸಜೆ ಒಂದು ವರ್ಷದವರೆಗೆ. ಆದರೆ ನಮಗೆ ಬೇಕಾದ ಅಂಶ ಅದಲ್ಲ. ವಿರೂಪದಿಂದ ಲಾಭ ಯಾರಿಗಾಯಿತೋ ಅವನು, ತನಗೆ ತಿಳಿಯದೆ ನಡೆಯಿತೆಂದು ತೋರಿಸದ ಹೊರತು, ಅಪರಾಧಿಯೆಂದೇ ಪರಿಗಣಿಸಬೇಕೆಂದು ಅಲ್ಲಿ ಬರೆದಿದೆ. ಕಂಪನಿಯಾದರೆ ನಿರ್ದೇಶಕರವರೆಗೂ ಹೋಗುತ್ತದೆ. ಭಾರ ಎಲ್ಲಿರಬೇಕೋ ಅಲ್ಲಿಯೇ ಇಟ್ಟಿದ್ದಾರೆ. ಅದೇ ದೆಹಲಿಯಲ್ಲಿ 2024ರಲ್ಲಿ ಒಂದು ಪ್ರಸಂಗ ನಡೆಯಿತು. ಸೆಪ್ಟೆಂಬರ್ 27ರಂದು ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಸಂಘಕ್ಕೆ ಮತದಾನವಾಯಿತು. ಅಭ್ಯರ್ಥಿಗಳು ಊರಿನ ಗೋಡೆಗಳನ್ನೆಲ್ಲ ತಮ್ಮ ಹೆಸರಿನಿಂದ ತುಂಬಿಬಿಟ್ಟಿದ್ದರು. ಗೋಡೆಗಳು ಮೊದಲಿನಂತಾಗುವವರೆಗೆ ಮತ ಎಣಿಸಕೂಡದೆಂದು ಹೈಕೋರ್ಟು ಹೇಳಿತು. ಅಭ್ಯರ್ಥಿಗಳು ಬಣ್ಣದ ಡಬ್ಬಿ, ಬ್ರಷ್ಷು ಹಿಡಿದು ಗೋಡೆ ಬಳಿಯಲು ಹೊರಟರು. ಎಣಿಕೆಯಾದದ್ದು ನವೆಂಬರ್ 25ಕ್ಕೆ. ಸುಮಾರು ಎರಡು ತಿಂಗಳು! ಜೈಲಿಲ್ಲ, ದೊಡ್ಡ ದಂಡವಿಲ್ಲ. ಅವರಿಗೆ ಬೇಕಾದ ಒಂದು ವಸ್ತುವನ್ನು ತಡೆಹಿಡಿದರು, ಅಷ್ಟೇ.

ನಗರಸಭೆಯ ಕೈಯಲ್ಲೂ ಅಂಥ ವಸ್ತುಗಳಿವೆ. ಅಂಗಡಿಗೆ ವ್ಯಾಪಾರ ಪರವಾನಗಿ ಕೊಡುವವರು ಯಾರು? ಪ್ರತಿವರ್ಷ ಅದನ್ನು ನವೀಕರಿಸುವವರು ಯಾರು? ಪಿ.ಜಿ. ನಡೆಸುವವನು, ಕೋಚಿಂಗ್ ಕ್ಲಾಸಿನವನು, ಕ್ಲಿನಿಕ್ಕಿನವನು ಒಂದಲ್ಲ ಒಂದು ಕಾಗದಕ್ಕೆ ನಗರಸಭೆಯ ಮುಂದೆ ಬರಲೇಬೇಕು. ನಿಮ್ಮ ಪೋಸ್ಟರು ತೆಗೆಸಿದ ಖರ್ಚು ಇಷ್ಟಾಯಿತು, ಅದನ್ನು ಕಟ್ಟಿ, ಆಮೇಲೆ ನವೀಕರಣದ ಮಾತು ಎಂದು ಉಪವಿಧಿಯಲ್ಲಿ ಸೇರಿಸಿ, ಸರ್ಕಾರದ ಒಪ್ಪಿಗೆ ಪಡೆದು ಜಾರಿಗೆ ತರಲಿ. 1981ರ ಸಾವಿರ ರೂಪಾಯಿ ಅಂದು ಭಾರವಾದ ದಂಡವೇ ಆಗಿತ್ತು. ಇಂದು ಅದು ವ್ಯಾಪಾರಿಗೆ ಅಂಟಿನ ಖರ್ಚಿನ ಜತೆಗೆ ಸೇರಿಹೋಗುವ ಒಂದು ಬಾಬು. ತೆರವಿನ ಖರ್ಚನ್ನು ವಸೂಲು ಮಾಡುವುದು ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಮುದ್ರಣಾಲಯದ ಕಡೆಗೂ ತಿರುಗಿ ನೋಡಬೇಕು. ಇದರಲ್ಲಿ ನಮ್ಮ ದೇಶದಲ್ಲಿಯೇ ಒಂದು ಒಳ್ಳೆಯ ಮಾದರಿಯಿದೆ. ಜನತಾ ಪ್ರಾತಿನಿಧ್ಯ ಕಾಯ್ದೆಯ 127ಎ ಕಲಮಿನ ಪ್ರಕಾರ ಚುನಾವಣೆಯ ಕರಪತ್ರವಾಗಲಿ ಪೋಸ್ಟರಾಗಲಿ ಅದರ ಮುಖದ ಮೇಲೆ ಮುದ್ರಕನ ಮತ್ತು ಪ್ರಕಾಶಕನ ಹೆಸರು, ವಿಳಾಸ ಇರಲೇಬೇಕು. ಅಚ್ಚು ಹಾಕಿಸುವವನು ಇಬ್ಬರು ಪರಿಚಿತರ ಸಹಿಯೊಂದಿಗೆ ತಾನು ಯಾರೆಂದು ಬರೆದುಕೊಡಬೇಕು. ಇದನ್ನೇ ನಗರಸಭೆ ತನ್ನ ಎಲ್ಲೆಯೊಳಗಿನ ಎಲ್ಲ ಬಹಿರಂಗ ಜಾಹೀರಾತಿಗೂ ಕೇಳಲಿ: ಮುದ್ರಕನ ಹೆಸರು, ಅನುಮತಿಯ ಸಂಖ್ಯೆ, ತೆಗೆಯತಕ್ಕ ತಾರೀಖು, ಈ ಮೂರು ಒಂದು ಮೂಲೆಯಲ್ಲಿ. ಮೂರೂ ಇಲ್ಲದ ಕಾಗದವನ್ನು ಯಾವ ನಾಗರಿಕ ಬೇಕಾದರೂ ಗುರುತಿಸಬಹುದು. ಫ್ಲೆಕ್ಸ್ ಅಚ್ಚು ಹಾಕುವ ಯಂತ್ರಗಳು ಈ ತಾಲ್ಲೂಕಿನಲ್ಲಿ ಎಣಿಸಲಾರದಷ್ಟೇನೂ ಇಲ್ಲ. ಹತ್ತು ಸಾವಿರ ಕಂಬಗಳನ್ನು ಕಾಯುವುದಕ್ಕಿಂತ ಹತ್ತಿಪ್ಪತ್ತು ಯಂತ್ರಗಳ ಲೆಕ್ಕ ಕೇಳುವುದು ಸುಲಭವೆಂದು ನಮಗೆ ತೋರುತ್ತದೆ. ಆದರೆ ಇಲ್ಲಿಯೂ ಒಂದು ಎಚ್ಚರ: ಹೊಟ್ಟೆಪಾಡಿಗೆ ಯಂತ್ರ ಇಟ್ಟವನನ್ನು ಹಿಡಿದು, ಮುಖ ಅಚ್ಚು ಹಾಕಿಸಿಕೊಂಡ ಮುಖಂಡನನ್ನು ಬಿಟ್ಟರೆ ಮತ್ತೆ ಎಮ್ಮೆಗೇ ಬರೆ.

ಫ್ಲೆಕ್ಸೆಂದರೆ ಬರೀ ಅಂದಗೇಡಲ್ಲ, ಜೀವದ ಪ್ರಶ್ನೆ. 2019ರ ಸೆಪ್ಟೆಂಬರ್ 12ರಂದು ಚೆನ್ನೈನ ಪಳ್ಳಿಕರಣೈನಲ್ಲಿ ಸ್ಕೂಟರಿನಲ್ಲಿ ಮನೆಗೆ ಹೋಗುತ್ತಿದ್ದ ಇಪ್ಪತ್ತಮೂರು ವಯಸ್ಸಿನ ಎಂಜಿನಿಯರ್ ಹುಡುಗಿಯ ಮೇಲೆ ರಸ್ತೆ ವಿಭಜಕದಲ್ಲಿ ನಿಲ್ಲಿಸಿದ್ದ ಬ್ಯಾನರೊಂದು ಕಳಚಿ ಬಿತ್ತು. ಆಳುವ ಪಕ್ಷದ ಸ್ಥಳೀಯ ಮುಖಂಡರೊಬ್ಬರ ಮನೆಯ ಮದುವೆಯ ಬ್ಯಾನರು ಅದು. ಕೆಳಗೆ ಬಿದ್ದ ಆಕೆಯ ಮೇಲೆ ಹಿಂದಿನಿಂದ ಬಂದ ನೀರಿನ ಟ್ಯಾಂಕರು ಹರಿಯಿತು. ನಮ್ಮ ಹೊಸೂರು ರಸ್ತೆಯಲ್ಲಿ ಪಾಳಿ ಬಿಟ್ಟ ಹೊತ್ತಿನಲ್ಲಿ ಎಷ್ಟು ಸ್ಕೂಟರು, ಎಷ್ಟು ಟ್ಯಾಂಕರು ಓಡುತ್ತವೆ ಎಂದು ನಿಮಗೆ ನಾವು ಹೇಳಬೇಕಾದ್ದಿಲ್ಲ. ಮಳೆಗಾಲದ ಗಾಳಿಗೆ ಮೊದಲು ವಿಭಜಕದ ಮೇಲಿನ ಪ್ರತಿಯೊಂದು ಚೌಕಟ್ಟೂ ಹೋಗತಕ್ಕದ್ದು. ಮರಕ್ಕೆ ಮೊಳೆ ಹೊಡೆದದ್ದೂ ಹೋಗತಕ್ಕದ್ದು.

ಗೋಡೆಯನ್ನೇ ಕಾಗದ ಹಿಡಿಯದಂತೆ ಮಾಡುವ ಉಪಾಯಗಳ ಬಗ್ಗೆ ಬಹಳ ಹೇಳುವುದಿಲ್ಲ. ಉರುಟು ಮೈಯ ಬಣ್ಣಗಳು, ಕಂಬಕ್ಕೆ ಸುತ್ತುವ ಮುಳ್ಳುಮುಳ್ಳಾದ ತಗಡು ಮುಂತಾದವು ಪೇಟೆಯಲ್ಲಿ ಸಿಗುತ್ತವೆ. ಮುಖ್ಯ ಜಾಗಗಳಿಗೆ ಹಾಕಬಹುದು. ಬೆಂಗಳೂರಿನ ಒಂದು ಪ್ರಯೋಗ ಮಾತ್ರ ನೆನಪಿಡುವಂಥದ್ದು. ಫ್ಲೆಕ್ಸ್ ಬಂದ ಮೇಲೆ ಸಿನಿಮಾ ಕಟೌಟುಗಳನ್ನು ಕೈಯಲ್ಲಿ ಬರೆಯುತ್ತಿದ್ದ ಕಲಾವಿದರ ಅನ್ನ ಹೋಗಿತ್ತು. 2009ರ ಸುಮಾರಿಗೆ ಪಾಲಿಕೆ ಅಂಥ ಕಲಾವಿದರನ್ನು ಕರೆದು ರಸ್ತೆ ಬದಿಯ ಗೋಡೆಗಳ ಮೇಲೆ ನಾಡಿನ ಚಿತ್ರಗಳನ್ನು ಬರೆಸಿತು. ಚಿತ್ರದ ಮೇಲೆ ಕಾಗದ ಅಂಟಿಸಲು ಜನ ಹಿಂಜರಿದರು. ದಿ ಅಗ್ಲಿ ಇಂಡಿಯನ್ ಎಂಬ ಹೆಸರಿಲ್ಲದವರ ಗುಂಪು 2010ರಿಂದೀಚೆಗೆ ಭಾಷಣವಿಲ್ಲದೆ, ಫೋಟೋದಲ್ಲಿ ಮುಖ ತೋರಿಸದೆ, ಕಸದ ಮೂಲೆಗಳನ್ನೂ ಸೇತುವೆಯ ಕಂಬಗಳನ್ನೂ ತೊಳೆದು ಬಣ್ಣ ಬಳಿಯಿತು. ಕೆಲಸ ಒಳ್ಳೆಯದು. ಆದರೆ ಚಿತ್ರದ ಬಣ್ಣ ಮಾಸಿದ ಮೇಲೆ ಮತ್ತೆ ಬಳಿಯಲು ಬಜೆಟ್ಟಿನಲ್ಲಿ ಹಣವಿಲ್ಲದಿದ್ದರೆ ಮೊದಲ ಪೋಸ್ಟರು ಮರಳಿ ಬರುತ್ತದೆ. ಮೊದಲ ಕಾಗದವನ್ನು ಅದೇ ದಿನ ಕೀಳದಿದ್ದರೆ ವಾರದೊಳಗೆ ಹತ್ತು ಬರುತ್ತವೆ. ಇದು ಗೋಡೆಯ ಮುಂದೆ ಅಂಗಡಿಯಿಟ್ಟ ಎಲ್ಲರಿಗೂ ಗೊತ್ತು.

ಈಗ ನಮ್ಮ ಮನಸ್ಸಿನಲ್ಲಿರುವ ನಿಜವಾದ ಮಾತಿಗೆ ಬರುತ್ತೇವೆ. ಪೋಸ್ಟರು ಕೀಳಿ ಎಂದು ನಾವು ಕೂಗಿದರೆ ಮೊದಲು ಕೀಳುವುದು ಯಾವುದನ್ನು? ಮುಖಂಡನ ಫ್ಲೆಕ್ಸು ಮೇಲೆಯೇ ಇರುತ್ತದೆ. ಕಾರ್ಮಿಕ ಸಂಘದ ಗೇಟ್ ಮೀಟಿಂಗಿನ ಕಾಗದ ಸಂಜೆಯೊಳಗೆ ಹೋಗುತ್ತದೆ. ಕಾನೂನು ಜಾರಿಯೆಂಬುದು ಬಲಹೀನನ ಮನೆಯಿಂದಲೇ ಶುರುವಾಗುವ ವಾಡಿಕೆ ನಮ್ಮಲ್ಲಿದೆ. ಹಣವಿರುವವನಿಗೆ ನೇರ ದಾರಿ ತೆರೆದಿರುತ್ತದೆ: ಈ ಊರಿನ ಮೆಟ್ರೋ ನಿಲ್ದಾಣಕ್ಕೆ ಊರಿನ ಹೆಸರಿನ ಜತೆ ಒಂದು ಕಂಪನಿಯ ಹೆಸರೂ ಸೇರಿದೆ, 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ತೆರೆದಾಗಿನಿಂದ ನೀವು ಓದುತ್ತಿದ್ದೀರಿ. ಅವರು ಹಣ ಕೊಟ್ಟಿದ್ದಾರೆ, ಒಪ್ಪಂದ ಮಾಡಿಕೊಂಡಿದ್ದಾರೆ, ಅದರಲ್ಲಿ ಕಾನೂನಿಗೆ ವಿರೋಧವಾದದ್ದೇನೂ ಇಲ್ಲ. ಆದರೆ ಅದೇ ನಿಲ್ದಾಣದ ಕೆಳಗೆ ಸಂಬಳ ಬಾರದ ನೂರು ಜನ ಒಂದು ಕಾಗದ ಅಂಟಿಸಲು ಜಾಗವೆಲ್ಲಿದೆ ಎಂದು ಕೇಳಿದರೆ ಉತ್ತರವಿಲ್ಲ.

2016ರ ಏಪ್ರಿಲ್ ತಿಂಗಳು ನೆನಪಿದೆಯೇ? ಭವಿಷ್ಯ ನಿಧಿಯ ಹಣ ತೆಗೆಯುವ ನಿಯಮವನ್ನು ಬದಲಾಯಿಸಿದರೆಂಬ ಸುದ್ದಿಗೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದರು. ಎರಡು ದಿನ ರಸ್ತೆ ನಿಂತಿತು. ಲಾಠಿ, ಅಶ್ರುವಾಯು ಎಲ್ಲ ಆಯಿತು. ಹೆಬ್ಬಗೋಡಿ ಪೊಲೀಸ್ ಠಾಣೆಯ ಬಳಿ ವಾಹನಗಳು ಸುಟ್ಟವು. ಏಪ್ರಿಲ್ 19ರಂದು ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಆ ಹೆಣ್ಣುಮಕ್ಕಳನ್ನು ಯಾವ ಪೋಸ್ಟರೂ ಕರೆದಿರಲಿಲ್ಲ. ಸುದ್ದಿ ಬಾಯಿಂದ ಬಾಯಿಗೆ, ಅರ್ಧ ನಿಜ ಅರ್ಧ ಗಾಳಿಮಾತಾಗಿ ಓಡಿತು. ನಿಯಮವೇನು, ಯಾರಿಗೆ ಅನ್ವಯ, ಯಾವ ದಿನದಿಂದ ಎಂದು ಅವರ ಭಾಷೆಯಲ್ಲಿ ಬರೆದು ಹಾಕುವ ಒಂದು ಹಲಗೆ ಈ ರಸ್ತೆಯಲ್ಲಿ ಇರಲಿಲ್ಲ. 1948ರ ಕಾರ್ಖಾನೆ ಕಾಯ್ದೆ ಕೂಡ ನಿಯಮಗಳ ಸಾರಾಂಶವನ್ನು ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ ಬಾಗಿಲ ಬಳಿ ತೂಗುಹಾಕಬೇಕೆಂದು ಹೇಳಿತ್ತು. ಗೋಡೆ ಬರಹ ಬಡವನಿಗೆ ಬೇಕಾದ ವಸ್ತುವೆಂಬುದು ಕಾನೂನು ಮಾಡಿದವರಿಗೂ ಗೊತ್ತಿತ್ತೆಂದಾಯಿತು.

ಆದ್ದರಿಂದ ನಗರಸಭೆಗೆ ನಾವು ಹೇಳುವುದು: ಕೀಳುವ ಮುಂಚೆ ಕೊಡಿ. ಫ್ರಾನ್ಸಿನ ಗೋಡೆಗಳ ಮೇಲೆ ಇಂದಿಗೂ ಜಾಹೀರಾತು ಅಂಟಿಸಕೂಡದು, 1881ರ ಜುಲೈ 29ರ ಕಾನೂನು ಎಂದು ಬರೆದಿರುವುದನ್ನು ಹೋದವರು ನೋಡುತ್ತಾರೆ. ಅಷ್ಟನ್ನೇ ನೋಡಿ ಬಂದರೆ ಅರ್ಧ ನೋಡಿದಂತೆ. ಅದೇ ದೇಶದಲ್ಲಿ 1979ರ ಕಾನೂನಿನಿಂದ ಪ್ರತಿಯೊಂದು ಊರಿನ ಸ್ಥಳೀಯ ಸಂಸ್ಥೆಯೂ ಅಭಿಪ್ರಾಯ ಪ್ರಕಟಣೆಗೂ ಲಾಭವಿಲ್ಲದ ಸಂಘಗಳಿಗೂ ಪುಕ್ಕಟೆ ಜಾಗವನ್ನು ಮೀಸಲಿಡಲೇಬೇಕಾಯಿತು. ಎರಡು ಸಾವಿರಕ್ಕಿಂತ ಕಡಿಮೆ ಜನರಿರುವ ಹಳ್ಳಿಗೂ ನಾಲ್ಕು ಚದರ ಮೀಟರು; ಜನ ಹೆಚ್ಚಿದಂತೆ ಜಾಗವೂ ಹೆಚ್ಚಬೇಕು. ಊರಿನ ಯಾವ ಮೂಲೆಯಿಂದಲೂ ಒಂದು ಕಿಲೋಮೀಟರಿನೊಳಗೆ ಅಂಥ ಒಂದು ಹಲಗೆ ಸಿಗಬೇಕು. ಬರ್ಲಿನ್ನಿನವರು ಇನ್ನೂ ಹಳಬರು. ಗೋಡೆ ಗೋಡೆಗೂ ಕಾಗದ ಅಂಟಿಸುವ ಹಾವಳಿ ತಡೆಯಲಾಗದೆ ಲಿಟ್‌ಫಾಸ್ ಎಂಬ ಮುದ್ರಕನಿಗೆ 1854ರಲ್ಲಿ ಅನುಮತಿ ಕೊಟ್ಟರು. ಮರುವರ್ಷ ಊರಿನಲ್ಲಿ ನೂರು ದುಂಡನೆಯ ಕಂಬಗಳು ಎದ್ದವು, ಅಂಟಿಸುವುದಿದ್ದರೆ ಅಲ್ಲಿ. ಉಪಾಯ ಒಳ್ಳೆಯದು, ಆದರೆ ಎಲ್ಲ ಕಂಬಗಳೂ ಒಬ್ಬನೇ ಗುತ್ತಿಗೆದಾರನ ಕೈಗೆ ಹೋದವು. ಇಲ್ಲಿ ಹಾಗಾದರೆ ಎರಡನೆಯ ವರ್ಷಕ್ಕೆ ಹಲಗೆಯ ಮೇಲೆ ಗುತ್ತಿಗೆದಾರನ ಸ್ನೇಹಿತರ ಮುಖಗಳೇ ಇರುತ್ತವೆ. ಹಲಗೆಗಳು ನಗರಸಭೆಯ ಸ್ವಂತದ್ದಾಗಿಯೇ ಇರಲಿ.

ಖರ್ಚಿಗೆ ಹಣವೆಲ್ಲಿ ಎನ್ನುತ್ತಾರೆ. ಹಿಂದೆ ಜಾಹೀರಾತು ತೆರಿಗೆ ಸ್ಥಳೀಯ ಸಂಸ್ಥೆಗಳ ಒಂದು ಆದಾಯವಾಗಿತ್ತು. ಜಿ.ಎಸ್.ಟಿ. ತರಲು 2016ರಲ್ಲಿ ಸಂವಿಧಾನ ತಿದ್ದಿದಾಗ ರಾಜ್ಯಪಟ್ಟಿಯಿಂದ ಆ ತೆರಿಗೆಯ ಬಾಬನ್ನೇ ತೆಗೆದುಹಾಕಿದರು. ತೆರಿಗೆ ದೆಹಲಿಗೆ ಹೋಯಿತು, ಕಸ ಹೆಬ್ಬಗೋಡಿಯಲ್ಲಿ ಉಳಿಯಿತು. ಆದರೂ ತನ್ನ ಜಾಗ ಬಳಸುವವರಿಂದ ಬಾಡಿಗೆ, ಪರವಾನಗಿ ಶುಲ್ಕ ತೆಗೆದುಕೊಳ್ಳುವ ಹಾದಿಯಿದೆ. ದೊಡ್ಡ ವ್ಯಾಪಾರಿಯ ಹಲಗೆಗೆ ದುಬಾರಿ ಬಾಡಿಗೆ, ಸಣ್ಣವರ ಹಲಗೆಗೆ ಪುಕ್ಕಟೆ. ಅನುಮತಿ ಕೊಡುವಾಗ ಕಾಗದದ ಅಳತೆ ನೋಡಬೇಕೇ ಹೊರತು ಅದರಲ್ಲಿ ಯಾರನ್ನು ಟೀಕಿಸಿದೆಯೆಂದು ನೋಡಕೂಡದು. ಜಾಹೀರಾತೂ ವಾಕ್ ಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟು 1995ರಲ್ಲಿಯೇ ಹೇಳಿದೆ. ವ್ಯಾಪಾರದ ಮಾತಿಗೇ ಆ ರಕ್ಷಣೆಯಿದ್ದರೆ ಕೂಲಿಯ ಮಾತಿಗೆ ಎಷ್ಟಿರಬೇಕು?

ಹಲಗೆ ಎಲ್ಲೆಲ್ಲಿ ಎಂಬುದನ್ನು ಕಛೇರಿಯಲ್ಲಿ ಕುಳಿತು ತೀರ್ಮಾನಿಸಬಾರದು. ನಮಗೆ ತೋರಿದ್ದನ್ನು ಹೇಳುತ್ತೇವೆ, ತಾವು ತಿದ್ದಿ. ಮೆಟ್ರೋ ನಿಲ್ದಾಣದ ಎರಡೂ ಮಗ್ಗುಲಿನ ಮೆಟ್ಟಿಲ ಬಳಿ ಒಂದೊಂದು, ಆದರೆ ಮೆಟ್ರೋದ ಆವರಣದ ಹೊರಗೆ. ಒಳಗೆ ಅವರದೇ ಕಾಯ್ದೆಯಿದೆ. ಹೊಸೂರು ರಸ್ತೆಯ ಬಸ್ ತಂಗುದಾಣದಲ್ಲಿ ಒಂದು. ಸಂತೆ, ತರಕಾರಿ ಕೊಳ್ಳುವ ಜಾಗದಲ್ಲಿ ಒಂದು. ಕಾರ್ಖಾನೆಗಳ ಕಡೆ ತಿರುಗುವ ಅಡ್ಡರಸ್ತೆಗಳ ಬಾಯಲ್ಲಿ ಒಂದೊಂದು. ಒಳಗಿನ ಗಲ್ಲಿಗಳಲ್ಲಿ, ಶೀಟಿನ ಮನೆಗಳಿರುವ ಕಡೆ ಎರಡಾದರೂ ಬೇಕು. ಎತ್ತರ ಹೆಂಗಸರ ಕೈಗೆ ಎಟುಕುವಷ್ಟು. ರಾತ್ರಿ ಪಾಳಿಯವರು ಓದಲು ಮೇಲೊಂದು ದೀಪ. ಒಂದು ಕಾಗದಕ್ಕೆ ಹದಿನೈದು ದಿನ. ಎರಡನೆಯ ಸೋಮವಾರ ಎಲ್ಲವನ್ನೂ ಕಿತ್ತು ಹಲಗೆಯನ್ನು ತೊಳೆಯುವುದು, ಆ ಕೆಲಸಕ್ಕೆ ಈಗ ಬಕೆಟ್ ಹಿಡಿದು ರಾತ್ರಿ ತಿರುಗುವ ಹುಡುಗರನ್ನೇ ಹಗಲಿನ ಕೂಲಿಗೆ ತೆಗೆದುಕೊಳ್ಳುವುದು. ಅವರಿಗೆ ಅಂಟಿನ ಗುಟ್ಟೆಲ್ಲ ತಿಳಿದಿದೆ.

ಹಲಗೆಗಳು ನಿಂತ ಮೇಲೆ ಒಂದು ತಿಂಗಳ ತಿಳುವಳಿಕೆ ಕೊಟ್ಟು, ಆಮೇಲೆ ಗೋಡೆ, ಕಂಬಗಳನ್ನು ತೆರವು ಮಾಡಲಿ. ತೆರವಿನ ಮೊದಲ ದಿನ ನಗರಸಭೆಯ ಕಛೇರಿಯ ಎದುರಿನ ಫ್ಲೆಕ್ಸಿನಿಂದ ಶುರುವಾಗಲಿ, ಅದರಲ್ಲಿ ಯಾರ ಮುಖವೇ ಇರಲಿ. ಆ ದಿನ ಬೆಳಿಗ್ಗೆ ಆರು ಗಂಟೆಗೆ ನಾವು ಅಲ್ಲಿ ಇರುತ್ತೇವೆ; ತಾವೂ ಬನ್ನಿ, ಏಣಿ ಇದ್ದವರು ಏ��ಿ ತನ್ನಿ.